ದಿನಬಳಕೆಯ ಎಸ್‌ಯುವಿಗೆ ಮೊದಲು ಏನನ್ನು ಹಾಕಿಸಬೇಕು? ಎರೆ ನೆಲ, ಕೆಮ್ಮಣ್ಣು, ಕಲ್ಲುದಾರಿಗಳ ಲೆಕ್ಕದಲ್ಲಿ ಒಂದು ಹೋಲಿಕೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಸ್‌ಯುವಿ ಇಟ್ಟುಕೊಂಡಿರುವ ಹೆಚ್ಚಿನವರ ಗಾಡಿ ವಾರದ ಬಹುತೇಕ ದಿನಗಳನ್ನು ಡಾಂಬರಿನ ಮೇಲೆಯೇ ಕಳೆಯುತ್ತದೆ. ಕಚೇರಿ, ಮಕ್ಕಳ ಶಾಲೆ, ಮಾರುಕಟ್ಟೆ, ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗಿಬರುವ ಹೆದ್ದಾರಿ ಪ್ರಯಾಣ, ಇವೇ ಅದರ ನಿತ್ಯದ ಕೆಲಸ. ಹೊಲದ ದಾರಿ, ಘಟ್ಟದ ಕಚ್ಚಾ ರಸ್ತೆ, ಹಿನ್ನೀರಿನ ದಂಡೆ ಇವೆಲ್ಲ ರಜೆಯ ದಿನದ ಮಾತು. ಆ ಒಂದು ದಿನಕ್ಕೆಂದು ಹಾಕಿಸಿದ ಸಾಮಾನಿನ ಭಾರ, ಸದ್ದು ಮತ್ತು ಹೆಚ್ಚುವರಿ ಇಂಧನದ ಖರ್ಚನ್ನು ಉಳಿದ ದಿನಗಳಲ್ಲಿಯೂ ಹೊರಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಆಯ್ಕೆಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಹಣ ಟೈರ್, ಗಾಳಿ ತುಂಬುವ ಕಂಪ್ರೆಸರ್ ಮತ್ತು ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಸಾಮಾನಿಗೆ ಹೋಗಬೇಕು. ಅದಾದ ಮೇಲೆ ಗಾಡಿಯ ಅಡಿಭಾಗದ ರಕ್ಷಣೆ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್‌ನ ಸರದಿ ಅದರ ನಂತರದ್ದು, ಅದೂ ನಿಜವಾದ ಅಗತ್ಯ ಕಂಡುಬಂದರೆ ಮಾತ್ರ. ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ಯಂತ್ರ), ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ), ಛಾವಣಿಯ ದೀಪಗಳು ನಮ್ಮ ಭಾಗದ ದಿನಬಳಕೆಯ ಗಾಡಿಗೆ ಬಹುಮಟ್ಟಿಗೆ ಬೇಕಾಗುವುದಿಲ್ಲ. ಆದರೆ ಈ ಕ್ರಮದೊಳಗೆ ಯಾವ ಟೈರು, ಯಾವ ಸಾಮಾನು ಎಂಬುದನ್ನು ನಿರ್ಧರಿಸುವುದು ಗಾಡಿಯ ಹೆಸರಿಗಿಂತ ಹೆಚ್ಚಾಗಿ ಅದು ಓಡುವ ನೆಲ.

ನೆಲದ ವಿಚಾರ

ಮೂರು ಜಿಲ್ಲೆಗಳೊಳಗೇ ನೆಲದ ಸ್ವಭಾವ ಪೂರ್ತಿ ಬದಲಾಗುತ್ತದೆ. ಬೆಳಗಾವಿಯಿಂದ ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಚೋರ್ಲಾ ಘಟ್ಟದ ಕಡೆ ಜಂಬಿಟ್ಟಿಗೆಯ ಕೆಮ್ಮಣ್ಣು ಮತ್ತು ಜಡಿಮಳೆ. ಅಲ್ಲಿಯ ದಾರಿ ಮೇಲೆ ಜಾರುತ್ತದೆ, ಆದರೆ ಸಾಮಾನ್ಯವಾಗಿ ಒಳಗೆ ಗಟ್ಟಿಯಾಗಿರುತ್ತದೆ. ನೀರು ಕೊರೆದ ಚರಂಡಿಗಳು, ಬೇರುಗಳು, ಮಡ್ಡಿಕಲ್ಲುಗಳು ಅಲ್ಲಿಯ ತೊಂದರೆಗಳು. ಬಾದಾಮಿ, ಗುಳೇದಗುಡ್ಡ, ಇಳಕಲ್ ಸುತ್ತ ಮರಳುಗಲ್ಲು ಮತ್ತು ಗ್ರಾನೈಟಿನ ಗುಡ್ಡಗಳಿವೆ. ಅಲ್ಲಿ ಕೆಸರಿಗಿಂತ ಕಲ್ಲಿನ ಚೂಪು ಅಂಚುಗಳೂ ಮುಳ್ಳುಗಳೂ ಟೈರಿನ ವೈರಿಗಳು. ವಿಜಯಪುರ ಜಿಲ್ಲೆಯ ಬಹುಭಾಗ, ಬಾಗಲಕೋಟೆಯ ಕೃಷ್ಣಾ ದಂಡೆ ಮತ್ತು ಬೆಳಗಾವಿಯ ಪೂರ್ವ ತಾಲ್ಲೂಕುಗಳು ಎರೆ ಭೂಮಿ.

ಎರೆ ಮಣ್ಣನ್ನು ಬೇರೆ ಕಡೆಯ ಕೆಸರಿನೊಂದಿಗೆ ಒಂದೇ ಸಾಲಿಗೆ ಸೇರಿಸುವಂತಿಲ್ಲ. ಅದರಲ್ಲಿರುವ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ನೆಲವನ್ನು ಆಳವಾಗಿ ಬಿರಿಸುತ್ತವೆ. ಹದವಾದ ಮಳೆ ಬಿದ್ದ ಎರೆ ದಾರಿಯಲ್ಲಿ ಮಣ್ಣು ನಾದಿದ ಹಿಟ್ಟಿನಂತೆ ಟೈರಿಗೆ ಮೆತ್ತಿಕೊಂಡು ಅದರ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ. ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ದುಬಾರಿ ಟೈರಿಗೂ ಸವೆದ ಟೈರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆ ಮೇಲೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಗಿಡಿದುಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ದೊಡ್ಡ ಟೈರು ಹಾಕಿಸಿದವರಿಗೆ ಈ ಸಂದಿ ಇನ್ನೂ ಕಡಿಮೆ ಇರುವುದರಿಂದ ಗಾಡಿ ಬೇಗ ನಿಲ್ಲುತ್ತದೆ. ಡೋಣಿ ನದಿಯ ಬಯಲಿನ ರೈತರು ನೆಲ ಹದಕ್ಕೆ ಬರುವವರೆಗೆ ಚಕ್ಕಡಿಯನ್ನೂ ಹೊಲಕ್ಕೆ ಇಳಿಸುವುದಿಲ್ಲ. ಆ ಸಮಯದಲ್ಲಿ ಅರ್ಧ ದಿನ ಕಾಯುವುದಕ್ಕೆ ಸಮನಾದ ಬಿಡಿಭಾಗ ಮಾರುಕಟ್ಟೆಯಲ್ಲಿ ಇಲ್ಲ.

ಟೈರ್: ಎಚ್‌ಟಿ, ಎಟಿ, ಎಂಟಿ

ಹೊಸ ಗಾಡಿಯೊಂದಿಗೆ ಬರುವ ಟೈರು ಹೆಚ್ಚಾಗಿ ಹೆದ್ದಾರಿಗೆಂದು ಮಾಡಿದ ಎಚ್‌ಟಿ (ಹೈವೇ ಟೆರೇನ್) ವರ್ಗದ್ದು. ಸದ್ದು ಕಡಿಮೆ, ಮಳೆಯ ಡಾಂಬರಿನಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಇಂಧನವೂ ಉಳಿಯುತ್ತದೆ. ಇದರ ಕೊರತೆ ಕಾಣುವುದು ಬದಿಯ ಗೋಡೆಯಲ್ಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳು ಕಿತ್ತೆಬ್ಬಿಸಿದ ಕಲ್ಲುಗಳು, ಹೊಲದ ಒಡ್ಡಿನ ಗುಂಟ ಬೆಳೆದ ಜಾಲಿಯ ಮುಳ್ಳು, ಬಾದಾಮಿ ಕಡೆಯ ಕಲ್ಲಿನ ಅಂಚುಗಳು ಈ ತೆಳು ಗೋಡೆಯನ್ನೇ ಹುಡುಕಿ ಕಡಿಯುತ್ತವೆ. ಹೊರಮೈಗೆ ಮುಳ್ಳು ಚುಚ್ಚಿದರೆ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮುಗಿಯುತ್ತದೆ. ಬದಿಯ ಗೋಡೆ ಸೀಳಿದರೆ ಟೈರನ್ನು ಎಸೆಯಬೇಕಾಗುತ್ತದೆ.

ಎಲ್ಲ ಬಗೆಯ ನೆಲಕ್ಕೆಂದು ಮಾಡಿದ ಎಟಿ (ಆಲ್ ಟೆರೇನ್) ವರ್ಗದ ಟೈರಿನಲ್ಲಿ ಗೀರುಗಳು ಅಗಲವಾಗಿದ್ದು ಬದಿಯ ಗೋಡೆ ಸಾಮಾನ್ಯವಾಗಿ ದಪ್ಪವಾಗಿರುತ್ತದೆ. ಸ್ವಲ್ಪ ಸದ್ದು ಹೆಚ್ಚುತ್ತದೆ, ಮೈಲೇಜ್ ತುಸು ಇಳಿಯುತ್ತದೆ. ಆದರೆ ಗರಸಿನ ದಾರಿ, ಮಸಾರಿ ಹೊಲ, ಘಟ್ಟದ ಕೆಮ್ಮಣ್ಣು, ಹೆದ್ದಾರಿ ಎಲ್ಲಕ್ಕೂ ಒಗ್ಗುವುದು ಇದೊಂದೇ. ಎಂಟಿ (ಮಡ್ ಟೆರೇನ್) ವರ್ಗವಾದರೋ ಕೆಸರಿಗೆಂದೇ ಮಾಡಿದ್ದು. ದೊಡ್ಡ ದೊಡ್ಡ ಗಟ್ಟಿಗಳ ನಡುವೆ ಅಗಲ ಖಾಲಿ ಜಾಗವಿರುವುದರಿಂದ ಚಕ್ರ ವೇಗವಾಗಿ ಸುತ್ತಿದಾಗ ಮಣ್ಣು ಹೊರಕ್ಕೆ ಸಿಡಿಯುತ್ತದೆ. ಹೆದ್ದಾರಿಯಲ್ಲಿ ಇದರ ಗುಂಯ್ಗುಟ್ಟುವಿಕೆ ಮಾತಾಡಲು ಬಿಡುವುದಿಲ್ಲ, ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲುವ ದೂರ ಹೆಚ್ಚುತ್ತದೆ, ಬೇಗ ಸವೆಯುತ್ತದೆ. ಜುಲೈ ತಿಂಗಳ ಚೋರ್ಲಾ ತಿರುವುಗಳಲ್ಲಿ ಇಳಿಯುವ ಗಾಡಿಗೆ ಕಾಡಿನ ಕೆಸರಿಗಿಂತ ಮುಂದಿನ ತಿರುವಿನ ಒದ್ದೆ ಡಾಂಬರೇ ಹೆಚ್ಚಿನ ಅಪಾಯ ಎಂಬುದನ್ನು ಎಂಟಿ ಟೈರಿನ ಅಭಿಮಾನಿಗಳು ಮರೆಯುತ್ತಾರೆ. ಎರೆ ನೆಲದಲ್ಲಿ ಎಂಟಿ ಸ್ವಲ್ಪ ದೂರ ಹೆಚ್ಚು ಒಯ್ಯಬಹುದು, ನಿಜ. ಆದರೆ ಮಣ್ಣನ್ನು ಕೊಡವಲು ಚಕ್ರವನ್ನು ಬಿರುಸಾಗಿ ತಿರುಗಿಸಬೇಕಾಗುವುದರಿಂದ ಅದು ಬೇರೊಬ್ಬರ ಹೊಲದ ದಾರಿಯಲ್ಲಿ ಮೊಳಕಾಲುದ್ದದ ಗಾಲಿ ಕುಣಿಗಳನ್ನು ತೋಡುತ್ತದೆ, ಬಿಸಿಲಿಗೆ ಅವು ಹಾಗೆಯೇ ಗಟ್ಟಿಯಾಗುತ್ತವೆ. ಆ ದಾರಿಯಲ್ಲಿ ದಿನವೂ ಓಡಾಡುವವರ ಸಿಟ್ಟಿಗೆ ಕಾರಣವಿದೆ.

ಹೀಗಾಗಿ ನನ್ನ ಆಯ್ಕೆ ಎಟಿ. ಕಂಪನಿ ಕೊಟ್ಟ ಟೈರಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಗೀರು ಉಳಿದಿದ್ದರೆ ಅದು ಸವೆಯುವವರೆಗೆ ಕಾಯುವುದು ಜಾಣತನ. ಕೊಳ್ಳುವಾಗ ಸ್ಟೆಪ್ನಿಯನ್ನೂ ಸೇರಿಸಿ ಐದು ಟೈರು ಕೊಳ್ಳಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಬೇರೆ ವ್ಯಾಸದ ಒಂದು ಸ್ಟೆಪ್ನಿ ಹಾಕಿಕೊಂಡು ಫೋರ್ ವೀಲ್ ಹಿಡಿದು ಗಟ್ಟಿ ನೆಲದಲ್ಲಿ ಓಡಿಸಿದರೆ ಗೇರ್ ವ್ಯವಸ್ಥೆಗೆ ಪೆಟ್ಟು ಬೀಳುತ್ತದೆ. ಟೈರಿನ ಮೇಲೆ ಬರೆದಿರುವ ಭಾರದ ಸೂಚ್ಯಂಕ ಮೂಲ ಟೈರಿನದಕ್ಕಿಂತ ಕಡಿಮೆ ಇರಬಾರದು.

ಅಳತೆ ಹೆಚ್ಚಿಸುವುದೋ, ಇದ್ದದ್ದೇ ಇರಲೋ?

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ಮಾರುತಿ ಜಿಮ್ನಿಯ ಮೂಲ ಟೈರು 195/80 ಆರ್15, ಅಂದರೆ ಅಗಲ 195 ಮಿಲಿಮೀಟರ್, ಬದಿಯ ಗೋಡೆಯ ಎತ್ತರ ಅಗಲದ ಶೇಕಡಾ 80, ರಿಮ್ 15 ಇಂಚು. ಅದರ ಎತ್ತರ ಸುಮಾರು 693 ಮಿಲಿಮೀಟರ್. ಇದರ ಬದಲು 215/75 ಆರ್15 ಹಾಕಿಸಿದರೆ ಎತ್ತರ ಸುಮಾರು 703 ಮಿಮೀ ಆಗುತ್ತದೆ. ಹೆಚ್ಚಿದ ಎತ್ತರದಲ್ಲಿ ಅರ್ಧ ಮಾತ್ರ ಆಕ್ಸಲ್‌ನ ಕೆಳಗೆ ಸಿಗುವುದರಿಂದ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಅಂತರ) ಹೆಚ್ಚುವುದು ಐದು ಮಿಮೀ. ಅಂದರೆ ಇದು ಗೋಡೆಯ ಗಟ್ಟಿತನಕ್ಕಾಗಿ ಮಾಡುವ ಬದಲಾವಣೆಯೇ ಹೊರತು ಎತ್ತರಕ್ಕಾಗಿ ಅಲ್ಲ. ಅದೇ ಗಾಡಿಗೆ 30 ಇಂಚಿನ ಟೈರು ಹಾಕಿಸಿದರೆ ಎತ್ತರ 762 ಮಿಮೀ, ಕ್ಲಿಯರೆನ್ಸ್ ಸುಮಾರು 34 ಮಿಮೀ ಹೆಚ್ಚುತ್ತದೆ. ನೋಡಲು ಚೆಂದ. ಆದರೆ ಸುತ್ತಳತೆ ಶೇಕಡಾ 10ರಷ್ಟು ಹೆಚ್ಚುವುದರಿಂದ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ನಿಜಕ್ಕೆ 88ರ ಹತ್ತಿರ ಓಡುತ್ತಿರುತ್ತದೆ. ಗೇರುಗಳೆಲ್ಲ ಅಷ್ಟರ ಮಟ್ಟಿಗೆ ಉದ್ದವಾದಂತಾಗಿ 134 ನ್ಯೂಟನ್ ಮೀಟರ್ ಟಾರ್ಕಿನ ಆ ಚಿಕ್ಕ ಪೆಟ್ರೋಲ್ ಎಂಜಿನ್ ಏರಿನಲ್ಲಿ ಮತ್ತೆ ಮತ್ತೆ ಗೇರ್ ಇಳಿಸಿ ಎನ್ನುತ್ತದೆ. ಟೈರು ಮಡ್‌ಗಾರ್ಡಿನ ಒಳಗೋಡೆಗೆ ತಾಗದಿರಲು ಲಿಫ್ಟ್ ಕೂಡ ಬೇಕಾಗುತ್ತದೆ. ಒಂದು ಬದಲಾವಣೆ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು.

ಮಹೀಂದ್ರಾ ಥಾರ್ ಕೊಳ್ಳುವವರಿಗೆ ಈ ಚಿಂತೆ ಕಡಿಮೆ. 2020ರ ಮಾದರಿಯಲ್ಲಿ ಕಂಪನಿಯೇ 245/75 ಆರ್16 ಮತ್ತು 255/65 ಆರ್18 ಎರಡನ್ನೂ ಕೊಟ್ಟಿದೆ. ಎತ್ತರದಲ್ಲಿ ಇವೆರಡಕ್ಕೂ 15 ಮಿಮೀ ಅಂತರವಷ್ಟೇ. ಆದರೆ 16 ಇಂಚಿನ ರಿಮ್ ಇದ್ದರೆ ಟೈರಿನ ಬದಿಯ ಗೋಡೆ ಎತ್ತರವಾಗಿ ಗಾಳಿ ಇಳಿಸಿದಾಗ ಚೆನ್ನಾಗಿ ಬಾಗುತ್ತದೆ, ಕಲ್ಲಿನ ಪೆಟ್ಟು ರಿಮ್ಮಿಗೆ ಬೀಳುವುದು ಕಡಿಮೆ. ಹೊಲದ ದಾರಿಗೆ ಚಿಕ್ಕ ರಿಮ್ಮೇ ಮೇಲು, ಅಂದಕ್ಕೆ ದೊಡ್ಡದು. ಅಗಲದ ವಿಚಾರದಲ್ಲಿಯೂ ನಮ್ಮ ಭಾಗದಲ್ಲಿ ತಪ್ಪು ನಂಬಿಕೆಯಿದೆ. ಹೊಳೆಯ ಉಸುಕಿನಲ್ಲಿ ಅಗಲ ಟೈರು ತೇಲಿದಂತೆ ಹೋಗುವುದು ನಿಜ. ಮೇಲೆ ನಾಲ್ಕು ಬೆರಳು ರಾಡಿ, ಕೆಳಗೆ ಗರಸು ಇರುವ ದಾರಿಯಲ್ಲಿ ಕಿರಿದಾದ ಟೈರೇ ರಾಡಿಯನ್ನು ಸೀಳಿಕೊಂಡು ಗಟ್ಟಿ ನೆಲವನ್ನು ಮುಟ್ಟುತ್ತದೆ.

ಗಾಳಿ: ಅಗ್ಗದ ಬದಲಾವಣೆ

ಟೈರಿನ ಗಾಳಿಯನ್ನು ಇಳಿಸುವುದರಿಂದ ಸಿಗುವ ಲಾಭವನ್ನು ಯಾವ ಲಿಫ್ಟ್ ಕಿಟ್ಟೂ ಆ ಬೆಲೆಗೆ ಕೊಡಲಾರದು. ಡಾಂಬರಿನಲ್ಲಿ 32 ಪಿಎಸ್‌ಐ ಇರುವ ಗಾಡಿಯನ್ನು ಕಲ್ಲುದಾರಿಯಲ್ಲಿ 25ರ ಸುಮಾರಿಗೆ ಇಳಿಸಿದರೆ ಕುಲುಕಾಟ ಕಡಿಮೆಯಾಗಿ ಟೈರು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಹೊಳೆಯ ಉಸುಕಿನಲ್ಲಿ 18ರವರೆಗೆ ಇಳಿಸಬಹುದು. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಕಳಚುವ ಭಯವಿದೆ. ಇಳಿಸಿದ ಗಾಳಿಯಲ್ಲಿ ವೇಗ ಗಂಟೆಗೆ 30-40 ಕಿಲೋಮೀಟರ್ ದಾಟಬಾರದು, ಡಾಂಬರು ಸಿಕ್ಕ ಕೂಡಲೇ ತುಂಬಿಸಬೇಕು. ಏಪ್ರಿಲ್, ಮೇ ತಿಂಗಳ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಕಡಿಮೆ ಗಾಳಿಯ ಟೈರು ವೇಗವಾಗಿ ಓಡಿದರೆ ಕಾದು ಸಿಡಿಯಬಹುದು.

ಇದಕ್ಕೆ ಬೇಕಾದದ್ದು ಒಂದು ನಂಬಿಕೆಯ ಮಾಪಕ ಮತ್ತು 12 ವೋಲ್ಟಿನ ಕಂಪ್ರೆಸರ್. ಸಿಗರೇಟ್ ಲೈಟರಿನ ರಂಧ್ರಕ್ಕೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್ ಹ್ಯಾಚ್‌ಬ್ಯಾಕ್ ಕಾರಿಗೆ ಸಾಕು; ಎಸ್‌ಯುವಿಯ ನಾಲ್ಕು ಟೈರು ತುಂಬುವಷ್ಟರಲ್ಲಿ ಅದು ವಿಪರೀತ ಬಿಸಿಯಾಗುತ್ತದೆ ಅಥವಾ ಫ್ಯೂಸ್ ಹಾರಿಸುತ್ತದೆ. ನೇರವಾಗಿ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದನ್ನು ಕೊಳ್ಳಿ. ಜಾಲಿ ಮುಳ್ಳಿನ ಸೀಮೆಯಲ್ಲಿ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಇದರ ಜೊತೆಗೇ ಇರಬೇಕು.

ಎಳೆಯುವ ಸಾಮಾನೋ, ವಿಂಚೋ?

ವಿಂಚ್ ಕೊಳ್ಳಬೇಕೆಂಬ ಆಸೆ ಬಹಳ ಜನರಿಗೆ ಇರುತ್ತದೆ. ಅದರ ಎಳೆಯುವ ಸಾಮರ್ಥ್ಯ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಉಕ್ಕಿನ ಹಗ್ಗ, ಅದನ್ನು ಕೂರಿಸುವ ಉಕ್ಕಿನ ಬಂಪರ್ ಎಲ್ಲ ಸೇರಿ ಮುಂದಿನ ಆಕ್ಸಲ್ ಮೇಲೆ ಬೀಳುವ ಭಾರದಿಂದ ಮುಂದಿನ ಸ್ಪ್ರಿಂಗ್ ತಗ್ಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ: ವಿಂಚಿಗೆ ಒಂದು ಆಸರೆ ಬೇಕು. ಎರೆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಜೋಳ, ಕಡಲೆ ಬಿಟ್ಟರೆ ಹಗ್ಗ ಸುತ್ತಲು ಮರವೇ ಇರುವುದಿಲ್ಲ. ಖಾನಾಪುರದ ಕಡೆ ಮರಗಳಿವೆ, ಆದರೆ ಅಲ್ಲಿ ಬಹುಪಾಲು ಕಾಡು ಅರಣ್ಯ ಇಲಾಖೆಯದ್ದು; 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಣೆಯಾದ ಭೀಮಗಡದ ಒಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ.

ನಮ್ಮಲ್ಲಿ ಗಾಡಿಯನ್ನು ಹೊರಗೆ ತೆಗೆಯುವುದು ಟ್ರ್ಯಾಕ್ಟರ್. ಬಯಲುಸೀಮೆಯ ಯಾವ ಹೊಲದಿಂದ ನೋಡಿದರೂ ಒಂದು ಟ್ರ್ಯಾಕ್ಟರ್ ಹತ್ತಿರದಲ್ಲೇ ಇರುತ್ತದೆ, ಕೇಳಿದರೆ ಇಲ್ಲ ಎನ್ನುವವರು ಅಪರೂಪ. ಅಪಾಯ ಇರುವುದು ಅವರು ತರುವ ಸರಪಳಿ ಅಥವಾ ಹಳೆಯ ಉಕ್ಕಿನ ಹಗ್ಗದಲ್ಲಿ, ಮತ್ತು ನಮ್ಮ ಗಾಡಿಯಲ್ಲಿ ಅದನ್ನು ಕಟ್ಟುವ ಜಾಗದಲ್ಲಿ. ಬಂಪರಿನ ಮುಚ್ಚಳ ತೆಗೆದು ತಿರುಪುವ ಕೊಂಡಿಯನ್ನು ಕೊಟ್ಟಿರುವುದು ಕೆಟ್ಟ ಗಾಡಿಯನ್ನು ಸಮ ರಸ್ತೆಯಲ್ಲಿ ಮೆಲ್ಲಗೆ ಎಳೆದೊಯ್ಯಲು. ಕೆಸರಿನಲ್ಲಿ ಹೂತ ಗಾಡಿಯನ್ನು ಜಗ್ಗಿದರೆ ಅದು ಕಿತ್ತು ಗುಂಡಿನಂತೆ ಹಾರಬಲ್ಲದು. ಟ್ರೇಲರ್ ಸಿಕ್ಕಿಸುವ ಉಕ್ಕಿನ ಉಂಡೆಗೂ ಇದೇ ಮಾತು. ಆದ್ದರಿಂದ ವಿಂಚಿನ ಹಣದ ಒಂದು ಪಾಲಿನಲ್ಲಿ ಈ ಐದನ್ನು ಮಾಡಿಸಿಕೊಳ್ಳುವುದು ಲೇಸು: ಚಾಸಿಗೆ ಬೋಲ್ಟ್ ಮಾಡಿದ, ಸಾಮರ್ಥ್ಯ ನಮೂದಿಸಿದ ಕೊಂಡಿ ಮುಂದೆ ಒಂದು, ಹಿಂದೆ ಒಂದು, 4.75 ಟನ್ ಗುರುತಿನ ಎರಡು ಡಿ-ಶ್ಯಾಕಲ್ (ಹಗ್ಗವನ್ನು ಕೊಂಡಿಗೆ ಜೋಡಿಸುವ ಉಕ್ಕಿನ ಬಳೆ), ಒಂದು ಎಳೆಹಗ್ಗ, ಎರಡು ಟ್ರ್ಯಾಕ್ಷನ್ ಬೋರ್ಡ್ (ಹಿಡಿತಕ್ಕಾಗಿ ಚಕ್ರದ ಅಡಿಗೆ ಇಡುವ ಹಲಗೆ) ಮತ್ತು ಒಂದು ಸಲಿಕೆ.

ಎಳೆಹಗ್ಗದಲ್ಲಿ ಎರಡು ಬಗೆ. ನೈಲಾನಿನ ಕೈನೆಟಿಕ್ ಹಗ್ಗ ಶೇಕಡಾ 30ರವರೆಗೆ ಹಿಗ್ಗಿ, ಆ ಹಿಗ್ಗಿನ ಬಲದಿಂದ ಗಾಡಿಯನ್ನು ಹೊರಗೆ ಎಳೆಯುತ್ತದೆ. ಇನ್ನೊಂದು ಎಸ್‌ಯುವಿ ಎಳೆಯುವಾಗ ಇದು ಸರಿ. ಹಿಗ್ಗದ ಪಟ್ಟಿ ಟ್ರ್ಯಾಕ್ಟರಿನಂಥ ನಿಧಾನದ, ಭಾರಿ ಯಂತ್ರಕ್ಕೆ ಸರಿ. ಅದನ್ನು ಕಟ್ಟಿಕೊಂಡು ಓಡಿಬಂದು ಜಗ್ಗಬಾರದು. ನಮ್ಮ ಜಿಲ್ಲೆಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು ಪಟ್ಟಿಯನ್ನು ಕೊಳ್ಳುತ್ತೇನೆ, ಏಕೆಂದರೆ ಎಳೆಯಲು ಬರುವುದು ಟ್ರ್ಯಾಕ್ಟರ್. ಎಳೆಯುವಾಗ ಹಗ್ಗದ ನಡುವೆ ಒಂದು ಕಂಬಳಿ ಹಾಕಿ, ನೋಡುವವರನ್ನು ದೂರ ನಿಲ್ಲಿಸಿ. ನೋಡಲು ಊರೇ ನೆರೆಯುತ್ತದೆ, ಮಕ್ಕಳು ಮುಂದಿನ ಸಾಲಿನಲ್ಲಿರುತ್ತಾರೆ.

ಎರಡೇ ಚಕ್ರಕ್ಕೆ ಶಕ್ತಿಯಿರುವ ಬೊಲೆರೊ, ಸ್ಕಾರ್ಪಿಯೊ ಕ್ಲಾಸಿಕ್ ಮುಂತಾದವುಗಳ ಮಾಲೀಕರಿಗೆ ಟ್ರ್ಯಾಕ್ಷನ್ ಬೋರ್ಡ್ ಇನ್ನಷ್ಟು ಉಪಯುಕ್ತ. ಉಸುಕು ಮತ್ತು ಕೆಮ್ಮಣ್ಣಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎರೆಯಲ್ಲಿ ಮೊದಲು ಸಲಿಕೆಯಿಂದ ಮಡ್‌ಗಾರ್ಡಿನ ಸಂದಿ ಬಿಡಿಸಿಕೊಳ್ಳದಿದ್ದರೆ ಬೋರ್ಡೂ ಹೂತುಹೋಗುತ್ತದೆ.

ಅಡಿತಗಡೋ, ಲಿಫ್ಟೋ?

ಗಾಡಿಯ ಅಡಿ ಕಲ್ಲಿಗೆ ತಾಗುತ್ತದೆ ಎಂದಾಗ ಎರಡು ದಾರಿಗಳಿವೆ: ಎತ್ತರಿಸುವುದು, ಅಥವಾ ತಾಗುವ ಜಾಗವನ್ನು ಗಟ್ಟಿಗೊಳಿಸುವುದು. ಎಂಜಿನ್ನಿನ ಆಯಿಲ್ ಚೇಂಬರ್, ಗೇರ್ ಬಾಕ್ಸ್, ಡೀಸೆಲ್ ಟ್ಯಾಂಕುಗಳ ಕೆಳಗೆ ಹಲವು ಗಾಡಿಗಳಲ್ಲಿ ಕಂಪನಿ ಕೊಡುವುದು ತೆಳು ತಗಡು ಅಥವಾ ಪ್ಲಾಸ್ಟಿಕ್. ಬಾದಾಮಿ, ಇಳಕಲ್ ಕಡೆ ಗಣಿದಾರಿಗಳಲ್ಲಿ ಓಡಾಡುವವರು ಮೊದಲು ಇಲ್ಲಿ ಹಣ ಹಾಕಬೇಕು. ಮೂರು ಮಿಮೀ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 23.5 ಕಿಲೋ ತೂಗುತ್ತದೆ, ಆರು ಮಿಮೀ ಅಲ್ಯೂಮಿನಿಯಂ ಸುಮಾರು 16 ಕಿಲೋ. ಕಲ್ಲಿನ ಮೇಲೆ ಉಕ್ಕು ಜಾರುತ್ತದೆ, ಅಲ್ಯೂಮಿನಿಯಂ ಕೆರೆದು ಕಚ್ಚಿಕೊಳ್ಳುತ್ತದೆ. ಆದರೆ ದಿನಬಳಕೆಗೆ ಹಗುರದ್ದೇ ಹಿತ. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಫ್ಯಾಬ್ರಿಕೇಶನ್ ಮಾಡುವ ಕೈಗಳಿಗೆ ಕೊರತೆಯಿಲ್ಲ. ಮಾಡಿಸುವಾಗ ಆಯಿಲ್ ಬದಲಿಸಲು ಮತ್ತು ಬಿಸಿಗಾಳಿ ಹೊರಹೋಗಲು ಕಿಂಡಿ ಬಿಡಿಸಿ. ಎರೆ ಸೀಮೆಯವರು ಬೇಗ ಬಿಚ್ಚಬಹುದಾದ ಬೋಲ್ಟುಗಳನ್ನೇ ಕೇಳಬೇಕು. ತಗಡಿನ ಮೇಲೆ ತುಂಬಿದ ಎರೆ ಮಣ್ಣು ಒಣಗಿದ ಮೇಲೆ ಇಟ್ಟಿಗೆಯೇ ಸರಿ.

ಲಿಫ್ಟ್ ಮಾಡಿಸಿದರೆ ಏನಾಗುತ್ತದೆ? ಚಾಸಿ ಮೇಲೇರುತ್ತದೆ, ಗುಡ್ಡ ಹತ್ತುವಾಗ ಮುಂದಿನ ಬಂಪರ್ ತಾಗುವುದಿಲ್ಲ. ಆದರೆ ಗಟ್ಟಿ ಆಕ್ಸಲ್ಲಿನ ನಡುವೆ ಜೋತುಬಿದ್ದ ಡಿಫರೆನ್ಶಿಯಲ್ ಹೌಸಿಂಗ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಡನೆಯ ಪೆಟ್ಟಿಗೆ) ಇದ್ದಲ್ಲೇ ಇರುತ್ತದೆ. ಜಿಮ್ನಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಥಾರ್‌ಗೆ ಹಿಂದೆ ಮಾತ್ರ. ಮುಂದೆ ಸ್ವತಂತ್ರ ಸಸ್ಪೆನ್ಶನ್ ಇರುವ ಗಾಡಿಗಳಲ್ಲಿ ಲಿಫ್ಟ್ ಹೆಚ್ಚಾದಷ್ಟೂ ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ಅದರ ಜಾಯಿಂಟು, ರಬ್ಬರ್ ಬೂಟು ಬೇಗ ಸವೆಯುತ್ತವೆ. ಗಾಡಿಯ ಗುರುತ್ವ ಕೇಂದ್ರ ಮೇಲೇರುವುದರಿಂದ ಹೆದ್ದಾರಿಯಲ್ಲಿ ಥಟ್ಟನೆ ಸ್ಟಿಯರಿಂಗ್ ತಿರುಗಿಸಿದಾಗ ವಾಲುವುದು ಹೆಚ್ಚು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಮತ್ತೆ ಇಳಿಸಿ ಹೊಂದಿಸಬೇಕು. ಮನೆಯ ಹಿರಿಯರು ಹತ್ತಲು ಪಡುವ ಕಷ್ಟವನ್ನೂ ಮರೆಯಬಾರದು. ಹಾಗಿದ್ದೂ ಬೇಕೆನಿಸಿದರೆ ಸ್ಪ್ರಿಂಗಿನ ಮೇಲೆ ಬರೀ ಸ್ಪೇಸರ್ ಇಡುವ ಅಗ್ಗದ ಕೆಲಸವನ್ನು ಬಿಟ್ಟು, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಕ್ಕೊಂದು ಹೊಂದುವ ಕಿಟ್ಟನ್ನು 40 ಮಿಮೀ ಒಳಗೆ ಆರಿಸಿ, ಹಾಕಿಸಿದ ಕೂಡಲೇ ಅಲೈನ್‌ಮೆಂಟ್ ಮಾಡಿಸಿ.

ನೀರು, ದೀಪ, ಛಾವಣಿ

ಸ್ನಾರ್ಕೆಲ್ ಎಂಜಿನ್ ಉಸಿರಾಡುವ ಬಾಯಿಯನ್ನು ಎತ್ತರಕ್ಕೆ ಒಯ್ಯುತ್ತದೆ, ಅಷ್ಟೇ. ವಿದ್ಯುತ್ ಉಪಕರಣಗಳು, ಆಲ್ಟರ್ನೇಟರ್, ಬಾಗಿಲುಗಳು ಇದ್ದಲ್ಲೇ ಇರುತ್ತವೆ. ಕಂಪನಿಯ ಪ್ರಕಾರ ಥಾರ್ 650 ಮಿಮೀ ನೀರನ್ನು ಹಾಯಬಲ್ಲದು; ಕಾರ್ಖಾನೆಯಿಂದಲೇ ಸ್ನಾರ್ಕೆಲ್ ಹೊತ್ತು ಬರುವ ಫೋರ್ಸ್ ಗೂರ್ಖಾ 700 ಮಿಮೀ. ಇದು ನಿಂತ ನೀರಿನ ಮಾತು. ಹರಿಯುವ ನೀರು 60 ಸೆಂಟಿಮೀಟರ್ ಇದ್ದರೂ ಎಸ್‌ಯುವಿಯನ್ನು ಕೊಚ್ಚಿಕೊಂಡು ಹೋಗಬಲ್ಲದು. ಮಳೆಗಾಲದಲ್ಲಿ ಕೃಷ್ಣೆ ಏರಿದಾಗ ಚಿಕ್ಕೋಡಿ ಕಡೆಯ ಕಲ್ಲೋಳ-ಯಡೂರಿನಂಥ ತಗ್ಗು ಸೇತುವೆಗಳು ಮುಳುಗುತ್ತವೆ, ಅಲ್ಲಿ ಸ್ನಾರ್ಕೆಲ್ ಇದ್ದ ಗಾಡಿಗೂ ಇಲ್ಲದ ಗಾಡಿಗೂ ದಾರಿ ಒಂದೇ, ಸುತ್ತು ಬಳಸಿ ಹೋಗುವುದು. ಹಳ್ಳ ದಾಟುವ ಅಗತ್ಯ ನಿಜಕ್ಕೂ ಇರುವವರು ಆಕ್ಸಲ್, ಗೇರ್ ಬಾಕ್ಸುಗಳ ಉಸಿರುನಳಿಗೆಯನ್ನು ಉದ್ದ ಮಾಡಿಸಿ ಮೇಲಕ್ಕೆ ಕಟ್ಟಿಸಲಿ. ಬಿಸಿಯಾದ ಹೌಸಿಂಗ್ ನೀರಿಗಿಳಿದು ಥಟ್ಟನೆ ತಣಿದಾಗ ಒಳಕ್ಕೆ ನೀರೆಳೆದುಕೊಳ್ಳುವುದನ್ನು ಇದು ತಪ್ಪಿಸುತ್ತದೆ, ಖರ್ಚೂ ಕಡಿಮೆ.

ಛಾವಣಿಯ ಕ್ಯಾರಿಯರ್ ಮೇಲಿಂದ ಭಾರ ಹೇರುತ್ತದೆ, ಗಾಳಿಯನ್ನು ತಡೆಯುತ್ತದೆ. ಸಾಮಾನು ಹೊರುವ ಕೆಲಸವಿಲ್ಲದಿದ್ದರೆ ಬೇಡ. ಛಾವಣಿಯ ಎಲ್‌ಇಡಿ ಪಟ್ಟಿ ಸಾರ್ವಜನಿಕ ರಸ್ತೆಯಲ್ಲಿ ಎದುರು ಬರುವವರನ್ನು ಕುರುಡು ಮಾಡುವುದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ರಾತ್ರಿ ಹೊಲಕ್ಕೆ ನೀರು ತಿರುಗಿಸಲು ಹೋಗುವವರಿಗೆ ಒಂದು ಒಳ್ಳೆಯ ಕೈದೀಪ ಸಾಕು.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ತರುವ ಬದಲಾವಣೆಗಳನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ ಕೂಡ ಜನವರಿ 2019ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕರು 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡನ್ನೂ ಎದುರಿಸಬೇಕಾಗಬಹುದು. ಮುಂದೆ ಅಳವಡಿಸುವ ಉಕ್ಕಿನ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಡಿಸೆಂಬರ್ 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಪಾದಚಾರಿಗೆ ಬೀಳುವ ಪೆಟ್ಟನ್ನು ಅವು ಹೆಚ್ಚಿಸುತ್ತವೆ, ಡಿಕ್ಕಿಯ ಬಲವನ್ನು ನೇರವಾಗಿ ಚಾಸಿಗೆ ದಾಟಿಸಿ ಏರ್‌ಬ್ಯಾಗ್ ತೆರೆಯುವ ಸಮಯವನ್ನೂ ಕೆಡಿಸಬಲ್ಲವು. ವಿಂಚ್ ಕೂರಿಸಲು ಬೇಕಾದ ಬಂಪರಿಗೂ ಇದೇ ಆಕ್ಷೇಪ ಅನ್ವಯಿಸುತ್ತದೆ ಎಂಬುದು ವಿಂಚನ್ನು ಪಟ್ಟಿಯ ಕೊನೆಗೆ ತಳ್ಳಲು ನನಗಿರುವ ಇನ್ನೊಂದು ಕಾರಣ.

ಮೂಲ ಅಳತೆಯ ಎಟಿ ಟೈರು, ಕಂಪ್ರೆಸರ್, ಹಗ್ಗ, ಬೋರ್ಡು, ಸಲಿಕೆಗಳಿಗೆ ಈ ತಕರಾರು ಬರುವುದಿಲ್ಲ. ಅಳತೆ ಬದಲಿಸುವುದೇ ಆದರೆ ಅದೇ ಮಾದರಿಯ ಇನ್ನೊಂದು ಆವೃತ್ತಿಗೆ ತಯಾರಕರು ಕೊಟ್ಟಿರುವ ಅಳತೆಯೊಳಗೆ ಉಳಿಯಿರಿ. ವಾರಂಟಿ ಇನ್ನೂ ಇರುವ ಗಾಡಿಯಲ್ಲಿ ಯಾವ ಕೆಲಸಕ್ಕೂ ಮೂಲ ವೈರಿಂಗ್ ಕತ್ತರಿಸಲು ಬಿಡಬೇಡಿ. ಅಡಿತಗಡು ಹಾಕಿಸಿದ ಮೇಲೆ ಬಿಲ್ಲಿನ ಪ್ರತಿಯೊಂದಿಗೆ ವಿಮಾ ಕಂಪನಿಗೆ ಬರೆದು ತಿಳಿಸಿ, ಅವರ ಉತ್ತರವನ್ನು ಪಾಲಿಸಿಯ ಜೊತೆಗೆ ಇಟ್ಟುಕೊಳ್ಳಿ.